ಹಿಡಿದವರು ಯಾರು

ನವೆಂಬರ್ 4, ಮಂಗಳವಾರ

ಈ ಡೈರಿ ನಾಯಿಯ ಜಂತುಹುಳು ಔಷಧ ಮಾಡುವ ಕಂಪನಿಯದು. ಪ್ರತಿ ಪುಟದ ಕೆಳಗೂ ಒಂದು ಬುದ್ಧಿಮಾತು ಅಚ್ಚಾಗಿದೆ. ಇವತ್ತಿನದು: ನಿಮ್ಮ ನಾಯಿಯ ಕಿವಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ. ನನಗೆ ನಾಯಿ ಇಲ್ಲ. ಆಸ್ಪತ್ರೆಯ ಕಪಾಟಿನಲ್ಲಿ ಹತ್ತು ತಿಂಗಳಿಂದ ಖಾಲಿ ಬಿದ್ದಿತ್ತು, ಕೇಳಿ ತೆಗೆದುಕೊಂಡೆ. ಯಾರ ಮೇಲಾದರೂ ಕೂಗಾಡಬೇಕು ಅನ್ನಿಸುತ್ತದೆ. ಬೆಕ್ಕಿನ ಆಸ್ಪತ್ರೆಯಲ್ಲಿ ಕೂಗಾಡುವಂತಿಲ್ಲ. ಆದ್ದರಿಂದ ಇಲ್ಲಿ.

ನಾಗಸಂದ್ರದ ಈ ಆಸ್ಪತ್ರೆಗೆ ಸೇರಿ ಹದಿನೆಂಟು ದಿನವಾಯಿತು. ಇದಕ್ಕೆ ಮೊದಲು ಗಾರ್ಮೆಂಟ್ಸ್‌ನಲ್ಲಿ ಐದು ವಾರ, ಮೊಬೈಲ್ ಕವರ್ ಅಂಗಡಿಯಲ್ಲಿ ಮೂರು ವಾರ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ನಾಲ್ಕು ವರ್ಷ. ಯಾರಾದರೂ ಕಾರಣ ಕೇಳಿದರೆ ನಮ್ಮ ಮುನಿಯಕ್ಕಜ್ಜಿ "ಅವ್ಳಿಗೆ ಉಸಾರಿರಲಿಲ್ಲ" ಅನ್ನುತ್ತಾಳೆ. ಸುಳ್ಳು. ಗಟ್ಟಿಮುಟ್ಟಾಗಿದ್ದೆ. ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ, ಎದ್ದು ಬಂದೆ.

ಇವತ್ತಿನಿಂದ ಹೊಸ ಕಾಟ. ಡಾಕ್ಟರ್ ಶಾಂಭವಿ ಮೇಡಂ ಮೂವತ್ತು ಬೆಕ್ಕುಗಳ ಹೊಟ್ಟೆಯ ಸ್ಕ್ಯಾನ್ ಮಾಡಿ, ಜನವರಿಯಲ್ಲಿ ಪಶುವೈದ್ಯರ ಸಭೆಯೊಂದರಲ್ಲಿ ಮಾತಾಡಬೇಕಂತೆ. ಬೆಕ್ಕಿನ ಮೈಯಲ್ಲಿ ರಕ್ತ ಸಾಕಷ್ಟಿದೆಯೋ ಕಡಿಮೆಯಾಗಿದೆಯೋ ಎಂದು ಸೂಜಿ ಚುಚ್ಚದೆ ತಿಳಿಯುವ ದಾರಿ ಇದು. ಹೊಟ್ಟೆಯೊಳಗೆ ಎರಡು ದೊಡ್ಡ ನಾಳಗಳು ಅಕ್ಕಪಕ್ಕ ಮಲಗಿರುತ್ತವೆ. ಒಂದು ಹೃದಯದಿಂದ ರಕ್ತ ತರುವುದು. ಅದರ ಗೋಡೆ ದಪ್ಪ, ಏನೇ ಆದರೂ ಗುಂಡಗೇ ಇರುತ್ತದೆ. ಇನ್ನೊಂದು ಹೃದಯಕ್ಕೆ ರಕ್ತ ವಾಪಸ್ ಒಯ್ಯುವುದು. ಅದರ ಗೋಡೆ ತೆಳು. ಮೈ ಒಣಗಿದರೆ ಅದು ಚಪ್ಪಟೆಯಾಗುತ್ತದೆ. ನಮ್ಮ ಮಾಕಳಿಗೆ ಬರುವ ನೀರಿನ ಟ್ಯಾಂಕರಿನ ಪೈಪ್ ಹಾಗೆ: ನೀರಿದ್ದರೆ ಹೆಬ್ಬಾವು, ಇಲ್ಲದಿದ್ದರೆ ರಿಬ್ಬನ್. ಮೇಡಂ ಎರಡನ್ನೂ ಅಳೆದು ಹೇಳುತ್ತಾರೆ, ನಾನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಹಿಡಿಯುವುದು ಯಮನಪ್ಪಣ್ಣ. ಸುರಪುರದ ಕಡೆಯವನು. ಚಿಕ್ಕಂದಿನಲ್ಲಿ ಕುರಿ ಕಾಯುತ್ತಿದ್ದವನು ಇಲ್ಲಿ ಆರು ವರ್ಷದಿಂದ ಬೆಕ್ಕು ಹಿಡಿಯುತ್ತಿದ್ದಾನೆ.

ರಿಜಿಸ್ಟರಿಗೆ ಮೇಡಂ ಲೆಕ್ಕ, ಈ ಡೈರಿಗೆ ನನ್ನ ಲೆಕ್ಕ. ಇವತ್ತು ಮೂರು ಬೆಕ್ಕು. ಗೀರು: ಯಮನಪ್ಪಣ್ಣನಿಗೆ 0. ಮೂರಕ್ಕೂ ಹೊಟ್ಟೆಯ ಕೂದಲು ಬೋಳಿಸಿದ ನನಗೆ 4.

ನಾಳೆಯಿಂದ ಬರುವುದಿಲ್ಲ.

ನವೆಂಬರ್ 6, ಗುರುವಾರ

ಬಂದೆ. ಮನೆಯಲ್ಲಿದ್ದರೆ ಅಜ್ಜಿಯ ಜೊತೆ ಅವರೆಕಾಯಿ ಸುಲಿಯಬೇಕು.

ಎರಡು ಬೆಕ್ಕು, ಎರಡನ್ನೂ ಹಿಡಿದದ್ದು ಯಮನಪ್ಪಣ್ಣ. ಗೀರು: ಅವನಿಗೆ 0, ನನಗೆ 1.

ಎರಡನೆಯದು ಅಪಾರ್ಟ್‌ಮೆಂಟಿನ ಬಿಳಿ ಬೆಕ್ಕು, ಮುಖ ಚಪ್ಪಟೆ, ಸ್ವಭಾವ ತಹಸೀಲ್ದಾರರದು. ಯಮನಪ್ಪಣ್ಣ ಅದರ ಕಣ್ಣ ಮೇಲೆ ಟವೆಲ್ ಹೊದಿಸಿ, ಒಂದು ಕೈ ಭುಜದ ಹತ್ತಿರ, ಒಂದು ಕೈ ತೊಡೆಯ ಹತ್ತಿರ ಸುಮ್ಮನೆ ಇಟ್ಟು, ಏನೋ ಗೊಣಗುತ್ತಾನೆ. ಬೆಕ್ಕು ಅಲ್ಲಾಡುತ್ತದೆ. ಚಿತ್ರ ನಡುಗುತ್ತದೆ. ಮತ್ತೆ ಮೊದಲಿನಿಂದ. ಒಂದು ಅಳತೆಗೆ ಏಳು ಸಲ. ಮೇಡಂ ಎಲ್ಲರ ಮುಂದೆಯೇ ರೇಗಿದರು: "ಯಮನಪ್ಪ, ಬಿಗಿಯಾಗಿ ಹಿಡೀರಿ ಅಂತ ಎಷ್ಟು ಸಲ ಹೇಳ್ಬೇಕು? ಬೆಕ್ಕು ಹಿಡಿದಿದ್ದೀರೋ, ಆಶೀರ್ವಾದ ಮಾಡ್ತಿದ್ದೀರೋ?"

ಅವನು ನಕ್ಕು ಟವೆಲ್ ಸರಿಮಾಡಿದ. ನನಗೆ ಕೋಪ ಬಂತು. ಅವನಿಗಿಂತ ಹತ್ತು ವರ್ಷ ಚಿಕ್ಕವರು ಮೇಡಂ. ಬೈದದ್ದು ಅನ್ಯಾಯ. ಹೊಟ್ಟೆಗೆ ತಾಗಿಸುವ ಸ್ಕ್ಯಾನ್ ಪ್ರೋಬನ್ನು ಮೇಡಂ ಮಾತ್ರ ಬೆಣ್ಣೆಯ ಮೇಲೆ ಇಟ್ಟ ಹಾಗೆ ಇಡುತ್ತಾರೆ, ಒತ್ತಿದರೆ ಅಳತೆ ಕೆಡುತ್ತದಂತೆ. ಅಷ್ಟು ಮೆತ್ತಗಿರುವುದು ಅವರಿಗೆ ಬರುತ್ತದೆ, ಮನುಷ್ಯರ ಹತ್ತಿರ ಮಾತ್ರ ಬರುವುದಿಲ್ಲ.

ನವೆಂಬರ್ 11, ಮಂಗಳವಾರ

ಯಮನಪ್ಪಣ್ಣನ ಮಗಳಿಗೆ ಹೆರಿಗೆ ಸಮಯ. ಇವತ್ತು ಮಧ್ಯಾಹ್ನ ಊರಿಗೆ ಹೊರಟ, ಒಂದು ತಿಂಗಳು ಬರುವುದಿಲ್ಲ. ಇಲ್ಲಿಯವರೆಗಿನ ಹತ್ತು ಬೆಕ್ಕನ್ನೂ ಅವನೇ ಹಿಡಿದದ್ದು. ಹತ್ತಕ್ಕೂ ಸೇರಿ ಅವನ ಗೀರು 0. ಇದು ಹೇಗೆ ಎಂದು ಕೇಳಿದೆ.

"ಬೆಕ್ಕಿನ್ನ ಹಿಡೀಬಾರದವ್ವ," ಅಂದ. "ಅದು ಮಲಗಿರ್ತದ. ನಾವು ಅದರ ಬಾಜೂಕ ಇರಬೇಕು, ಅಷ್ಟ."

ಪಕ್ಕದಲ್ಲಿರಬೇಕಂತೆ. ಇಂಥ ಮಾತಿನಿಂದ ಯಾರಿಗೆ ಏನು ಉಪಯೋಗ? ಚೀಲ ಹೆಗಲಿಗೇರಿಸಿ ಹೋಗಿಬಿಟ್ಟ. ನಾಳೆಯಿಂದ ನಾನು ಹಿಡಿಯಬೇಕು.

ನವೆಂಬರ್ 12, ಬುಧವಾರ

ಗೀರು: 9. ಕಚ್ಚಿದ್ದು: 1. ಸಿಕ್ಕಿದ ಅಳತೆ: 0. ನನಗೆ ಟಿಟಿ ಇಂಜೆಕ್ಷನ್.

ನಾಳೆ ಖಂಡಿತ ಬರುವುದಿಲ್ಲ. ಬರೆದಿಟ್ಟಿದ್ದೇನೆ.

ನವೆಂಬರ್ 13, ಗುರುವಾರ

ಉಪಾಯ ಸಿಕ್ಕಿತು.

ಬೆಕ್ಕನ್ನು ಪಕ್ಕಕ್ಕೆ ಮಲಗಿಸಿ, ಎಡಗೈಯಲ್ಲಿ ಕತ್ತಿನ ಹಿಂದಿನ ಚರ್ಮ ಹಿಡಿದು, ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಇಡೀ ಕೈಯನ್ನು ಅದರ ಮೈಮೇಲೆ ಅಡ್ಡ ಹಾಕಿ ನನ್ನ ಭಾರ ಕೊಟ್ಟರೆ ಅಲ್ಲಾಡುವುದೇ ಇಲ್ಲ. ಮೇಲೆ ಟವೆಲ್. ಹೊಟ್ಟೆಯ ಬೋಳಿಸಿದ ಜಾಗ ಅಂಗೈಯಷ್ಟು ಕಂಡರೆ ಮೇಡಂಗೆ ಸಾಕು. ಎರಡು ಬೆಕ್ಕು, ಎರಡೂ ಕಲ್ಲಿನ ಹಾಗೆ. ಚಿತ್ರ ಕ್ಯಾಲೆಂಡರಿನ ದೇವರ ಹಾಗೆ ನಿಂತುಬಿಟ್ಟಿತು. ಗೀರು: 3, ಮೂರೂ ಬಿಟ್ಟ ಮೇಲೆ ಬಿದ್ದದ್ದು.

ಮೇಡಂ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: "ವೇಣಿ, ನಿನ್ನ ಹಿಡಿತ ಚೆನ್ನಾಗಿದೆ ಕಣೇ. ಇಷ್ಟು ಸ್ಟೆಡಿ ಚಿತ್ರ ನಂಗೆ ಯಾವತ್ತೂ ಸಿಕ್ಕಿರ್ಲಿಲ್ಲ."

ಬಸ್ಸಿನಲ್ಲಿ ಎಂಟನೇ ಮೈಲಿಯಿಂದ ಮಾಕಳಿಯವರೆಗೆ ನಿಂತೇ ಬಂದೆ, ಕಾಲು ನೋಯಲಿಲ್ಲ. ಹಿಡಿತ ಚೆನ್ನಾಗಿದೆ ಅಂದರು. ಶಾಲೆಯಲ್ಲಿ ಯಾರೂ ನನಗೆ ಏನೂ ಚೆನ್ನಾಗಿದೆ ಎಂದು ಹೇಳಿದ ನೆನಪಿಲ್ಲ. ಹೇಳಿದ್ದರೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದಿರಬೇಕು.

ನವೆಂಬರ್ 19, ಬುಧವಾರ

ಮೇಡಂಗೆ ತಲೆ ಕೆಟ್ಟಿದೆ. ಆಪರೇಷನ್‌ಗೆ ಬರುವ ಬೆಕ್ಕುಗಳು, ಅಂದರೆ ತಿಂದುಂಡು ದುಂಡಗಿರುವವು, ಅವುಗಳ ನಾಳವೂ ರಿಬ್ಬನ್ ಆಗಿ ಕಾಣುತ್ತಿದೆ. ಮೊದಲ ಹತ್ತರಲ್ಲಿ ಹೀಗಿರಲಿಲ್ಲ. ಮಷಿನ್ ಕೆಟ್ಟಿದೆ ಎಂದು ಕಂಪನಿಗೆ ಫೋನ್ ಮಾಡಿದರು. ಟೈ ಕಟ್ಟಿದ ಒಬ್ಬ ಬಂದು, ಮಷಿನ್ ಚೆನ್ನಾಗಿದೆ ಎಂದು ಸಹಿ ಹಾಕಿ, ನಮ್ಮ ಕಾಫಿ ಕುಡಿದು ಹೋದ.

ಇವತ್ತು ಎರಡು. ಹಿಡಿದದ್ದು ನಾನು. ಗೀರು: 4. ಚಿತ್ರ ಮಾತ್ರ ಒಂದು ಚೂರೂ ಅಲ್ಲಾಡಲಿಲ್ಲ. ಹೊಗಳಲಿಲ್ಲ. ಹೊಗಳಿಕೆಯನ್ನೂ ಮೇಡಂ ರೇಷನ್ ಅಂಗಡಿಯಲ್ಲಿ ತರುತ್ತಾರೆ.

ನವೆಂಬರ್ 25, ಮಂಗಳವಾರ

ಪೀಣ್ಯದ ಒಂದು ಲೇತ್ ಶೆಡ್ಡಿನ ಕಾವಲುಗಾರ ನಲ್ಲಪ್ಪ ತಾತ ಒಂದು ರಟ್ಟಿನ ಡಬ್ಬದಲ್ಲಿ ಬೆಕ್ಕು ತಂದ. ಬೂದು ಬಣ್ಣ, ಒಂದು ಕಿವಿ ಹರಿದಿದೆ. ಬೇರಿಂಗ್ ಡಬ್ಬದಲ್ಲೇ ಹುಟ್ಟಿ ಅದರಲ್ಲೇ ಮಲಗುತ್ತದೆ, ಆದ್ದರಿಂದ ಹೆಸರು ಬೇರಿಂಗ್. ಮಾಲೀಕರ ಮನೆಯ ಮದುವೆಗೆಂದು ಭಾನುವಾರ, ಸೋಮವಾರ ಶೆಡ್ಡು ಮುಚ್ಚಿತ್ತು. ಬೆಕ್ಕು ಒಳಗೇ ಉಳಿದುಬಿಟ್ಟಿತ್ತು, ನೀರಿಲ್ಲ, ಅನ್ನವಿಲ್ಲ.

"ಶಟ್ಟರ್ ಎಳೆಯುವಾಗ ಒಂದ್ಸಲ ಕೂಗ್ಬೇಕಾಗಿತ್ತು ನಾನು," ಎಂದು ಮೇಡಂ ಏನು ಕೇಳಿದರೂ ಅದನ್ನೇ ಹೇಳುತ್ತಿದ್ದ. "ದಿನಾ ಕೂಗ್ತೀನಿ. ಅವತ್ತು ಮದ್ವೆ ಊಟದ ಅವಸರ."

ಮೇಡಂ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೃದಯದಲ್ಲಿ ಸಣ್ಣ ಸದ್ದಿದೆ, ಇಂಥ ಬೆಕ್ಕಿಗೆ ಡ್ರಿಪ್ ಕಡಿಮೆ ಹಾಕಬೇಕು, ಜಾಸ್ತಿಯಾದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದರು. ಆಮೇಲೆ ಸ್ಕ್ಯಾನ್. ನಾನು ಹಿಡಿದೆ. ನಾಳ ಗೆರೆಯಷ್ಟೇ. ಮೇಡಂ ಹುಬ್ಬು ಗಂಟಿಕ್ಕಿ, ಪೂರ್ತಿ ಖಾಲಿಯಾಗಿದೆ ಪಾಪ ಎಂದು ಡ್ರಿಪ್ಪಿನ ಲೆಕ್ಕ ಬದಲಿಸಿ ಜಾಸ್ತಿ ಮಾಡಿದರು.

ಗೀರು: 0. ಗೀರುವಷ್ಟೂ ಶಕ್ತಿ ಇಲ್ಲ ಅದಕ್ಕೆ.

ನವೆಂಬರ್ 26, ಬುಧವಾರ

ಬೆಳಿಗ್ಗೆ ಹೋದಾಗ ಬೇರಿಂಗ್ ಬಾಯಿ ತೆರೆದು ಉಸಿರಾಡುತ್ತಿತ್ತು. ಬೆಕ್ಕು ಬಾಯಿ ತೆರೆದು ಉಸಿರಾಡಬಾರದು, ಅಷ್ಟು ನನಗೂ ಗೊತ್ತು. ಮೇಡಂ ಮನೆ ಆಸ್ಪತ್ರೆಯ ಮಹಡಿಯಲ್ಲೇ. ಕೂಗಿದೆ, ಚಪ್ಪಲಿ ಇಲ್ಲದೆ ಇಳಿದು ಬಂದರು. ಡ್ರಿಪ್ ಕಿತ್ತು, ನೀರು ಮೂತ್ರವಾಗಿ ಹೋಗುವ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಪೆಟ್ಟಿಗೆಯೊಳಗೆ ಇಟ್ಟರು. ನನ್ನ ಕೆಲಸ ಅದರ ಪಕ್ಕೆ ಏರಿಳಿಯುವುದನ್ನು ಎಣಿಸುವುದು. ನಿಮಿಷಕ್ಕೆ ಮೂವತ್ತರ ಒಳಗಿರಬೇಕು. ಒಂಬತ್ತೂವರೆಗೆ 72. ಹನ್ನೊಂದಕ್ಕೆ 70. ಒಂದು ಗಂಟೆಗೆ 64. ಊಟ ಮರೆತೆ. ಮೂರಕ್ಕೆ 60. ಐದಕ್ಕೆ 58.

ನಲ್ಲಪ್ಪ ತಾತ ಬಂದು ಗಾಜಿನ ಈಚೆ ನಿಂತು, ಶಟ್ಟರಿನ ಮಾತನ್ನೇ ಮತ್ತೆ ಹೇಳಿದ. ನಿನ್ನದೇನೂ ತಪ್ಪಿಲ್ಲ ಎಂದು ಮೇಡಂ ಹೇಳಿದರೂ ಕೇಳಲಿಲ್ಲ.

ನವೆಂಬರ್ 27, ಗುರುವಾರ

50. 46. 44. 44.

ಬೇರಿಂಗ್ ಏನೂ ತಿನ್ನಲಿಲ್ಲ.

ನವೆಂಬರ್ 28, ಶುಕ್ರವಾರ

38. ಮೀನಿನ ನೀರು ನಾಲ್ಕು ಸಲ ನೆಕ್ಕಿತು.

ಮಧ್ಯಾಹ್ನ ಮತ್ತೆ ಸ್ಕ್ಯಾನ್. ಅದಕ್ಕೆ ಈಗ ಸ್ವಲ್ಪ ಶಕ್ತಿ ಬಂದು ಒದ್ದಾಡಿತು, ನಾನು ಬಿಗಿಯಾಗಿ ಹಿಡಿದೆ. ಗೀರು: 2. ನಾಳ ಮತ್ತೆ ರಿಬ್ಬನ್. ಮೇಡಂ ಪ್ರೋಬ್ ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತರು. ಶ್ವಾಸಕೋಶದಲ್ಲಿ ನೀರು ತುಂಬಿದ ಪ್ರಾಣಿಯ ನಾಳ ಖಾಲಿ ಹೇಗಿರುತ್ತದೆ? ಇಂಜೆಕ್ಷನ್ ಜಾಸ್ತಿಯಾಗಿ ಈಗ ಮೈ ತೀರ ಒಣಗಿಹೋಯಿತೇ? ನಾಳೆ ಬೆಳಿಗ್ಗೆಯೂ ಹೀಗೇ ಕಂಡರೆ ನಿಧಾನವಾಗಿ ಡ್ರಿಪ್ ಶುರು ಮಾಡೋಣ, ಬೇರೆ ದಾರಿಯಿಲ್ಲ ಎಂದರು.

ಮನೆಗೆ ಬಂದು ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಗೀರಿನ ಲೆಕ್ಕವನ್ನು ನೋಡಿದೆ, ಬೇರೇನೂ ಹುಡುಕುತ್ತಿರಲಿಲ್ಲ. ಹನ್ನೊಂದನೇ ತಾರೀಕಿನವರೆಗೆ ಯಮನಪ್ಪಣ್ಣ, ಆಗ ನಾಳ ಸರಿಯಿತ್ತು. ಹದಿಮೂರರಿಂದ ನಾನು, ಆಗಿನಿಂದ ರಿಬ್ಬನ್. ಮಷಿನ್ ಕೆಟ್ಟದ್ದು ಅವನು ಬಸ್ಸು ಹತ್ತಿದ ಮೇಲೆ.

ಎದ್ದು ಹೋಗಿ ನೀರು ಕುಡಿದೆ. ಮತ್ತೆ ಬಂದು ನೋಡಿದೆ. ಹಾಗೇ ಇತ್ತು.

ಅವನಿಗೆ ಫೋನ್ ಮಾಡಿದೆ. ಮೊಮ್ಮಗ ಹುಟ್ಟಿದ್ದನ್ನು ಹತ್ತು ನಿಮಿಷ ಹೇಳಿದ. ಆಮೇಲೆ ನಾನು ಹೇಗೆ ಹಿಡಿಯುತ್ತೇನೆ ಎಂದು ಹೇಳಿದೆ.

"ಹೊಟ್ಟಿ ಮ್ಯಾಲ ಕೈ ಹಾಕ್ತಿ ಏನು?" ಅಂದ. "ಹಂಗ ಮಾಡಬ್ಯಾಡವ್ವ. ಕುರಿ ಆಗ್ಲಿ, ಬೆಕ್ಕ ಆಗ್ಲಿ, ಹೊಟ್ಟಿ ಒತ್ತಿದ್ರ ಒಳಗಿಂದು ಏನೂ ಹಂಗ ಇರಂಗಿಲ್ಲ."

ಹೋಗುವ ದಿನವೇ ಇಷ್ಟು ಹೇಳಲು ಇವನಿಗೆ ಏನಾಗಿತ್ತು? ಬಾಜೂಕ ಇರಬೇಕಂತೆ. ಬಾಜೂಕ.

ಅಜ್ಜಿ ಊಟಕ್ಕೆ ಕರೆದಳು. ಹಸಿವಿಲ್ಲ ಅಂದೆ. ಹಸಿವಿತ್ತು.

ನವೆಂಬರ್ 29, ಶನಿವಾರ

ಬಸ್ಸಿನಲ್ಲಿ ಯೋಚಿಸಿದ್ದನ್ನು ಬರೆಯುತ್ತೇನೆ, ಏಕೆಂದರೆ ಅದೂ ನಿಜ. ಏನೂ ಹೇಳದೆ ಇವತ್ತು ಸಡಿಲವಾಗಿ ಹಿಡಿದರೆ ಸಾಕು. ನಾಳ ಗುಂಡಗೆ ಕಾಣುತ್ತದೆ, ಡ್ರಿಪ್ ಹಾಕುವುದಿಲ್ಲ, ಬೇರಿಂಗ್ ಬದುಕುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಂಟನೇ ಮೈಲಿ ಹತ್ತಿರವಾಗುವವರೆಗೆ ಇದು ಒಳ್ಳೆಯ ಯೋಚನೆಯಾಗಿತ್ತು. ಆಮೇಲೆ ಉಳಿದ ಹತ್ತು ಬೆಕ್ಕುಗಳು ನೆನಪಾದವು. ಅವುಗಳ ಅಳತೆ ರಿಜಿಸ್ಟರಿನಲ್ಲಿ ನನ್ನ ಅಕ್ಷರದಲ್ಲೇ ಇದೆ. ಜನವರಿಯಲ್ಲಿ ಮೇಡಂ ಅದನ್ನು ನೂರು ಡಾಕ್ಟರುಗಳ ಮುಂದೆ ಓದುತ್ತಾರೆ. ಅವರು ತಮ್ಮ ತಮ್ಮ ಊರಿಗೆ ಹೋಗಿ ತಮ್ಮ ತಮ್ಮ ಬೇರಿಂಗ್‌ಗಳಿಗೆ ಡ್ರಿಪ್ ಹಾಕುತ್ತಾರೆ.

ಮೇಡಂ ಜೆಲ್ ಹಚ್ಚುವಾಗ ಹೇಳಿದೆ: "ಮೇಡಂ, ಇವತ್ತು ಟವೆಲ್ ಬೇಡ. ನನ್ನ ಕೈ ಎಲ್ಲಿರುತ್ತೆ ನೋಡಿ."

ಮೊದಲು ನನ್ನ ರೀತಿಯಲ್ಲೇ ಹಿಡಿದೆ. ಪರದೆಯ ಮೇಲೆ ಎರಡು ನಾಳ: ಒಂದು ಗುಂಡು, ಒಂದು ಗೆರೆ. ಬಲಗೈ ಎತ್ತಿದೆ. ಬೇರಿಂಗ್ ಒಂದು ಉಸಿರು ಎಳೆದುಕೊಂಡಿತು, ಎರಡು ಉಸಿರು. ಗೆರೆ ಬಾದಾಮಿಯಾಯಿತು, ಬಾದಾಮಿ ಗುಂಡಗಾಯಿತು, ಪಕ್ಕದ್ದಕ್ಕಿಂತಲೂ ದೊಡ್ಡದಾಯಿತು. ಮತ್ತೆ ಕೈ ಹಾಕಿದೆ. ಗೆರೆ.

"ಇನ್ನೊಂದ್ಸಲ," ಅಂದರು ಮೇಡಂ. ಇನ್ನೊಂದು ಸಲ ಮಾಡಿದೆ. ಅಷ್ಟರಲ್ಲಿ ಬೇರಿಂಗ್‌ಗೆ ಸಾಕಾಗಿ, ಜೆಲ್ ಸಮೇತ ಎದ್ದು ನನ್ನ ಹೆಗಲೇರಿ ಕಪಾಟಿನ ಮೇಲೆ ಕುಳಿತಿತು.

"ಟ್ಯಾಂಕರ್ ಪೈಪ್ ಮೇಲೆ ನಿಂತ್ಕೊಂಡು ಟ್ಯಾಂಕರ್ ಖಾಲಿ ಅಂತಿದ್ವಿ ಮೇಡಂ," ಅಂದೆ. "ನಿಂತಿದ್ದೋಳು ನಾನು."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೈಗವಸು ತೆಗೆದು ಒಂದೊಂದೇ ಬೆರಳನ್ನು ಒರೆಸಿಕೊಂಡರು. ಯಾವತ್ತಿನಿಂದ ಎಂದು ಕೇಳಿದರು. ಹದಿಮೂರನೇ ತಾರೀಕಿನಿಂದ ಅಂದೆ. ಯಾವ ಬೆಕ್ಕನ್ನು ಯಾರು ಹಿಡಿದರು ಎಂದು ರಿಜಿಸ್ಟರಿನಲ್ಲಿ ಇಲ್ಲ, ಬಾಯಿ ಮಾತು ನಂಬಿ ಹತ್ತನ್ನು ಇಟ್ಟುಕೊಂಡು ಹನ್ನೊಂದನ್ನು ಬಿಡಲು ಬರುವುದಿಲ್ಲ, ಇಪ್ಪತ್ತೊಂದನ್ನೂ ಎಸೆಯಬೇಕು ಎಂದರು. ಧ್ವನಿ ಸಣ್ಣದಾಗಿತ್ತು.

"ನನ್ ಹತ್ರ ಇದೆ," ಅಂದುಬಿಟ್ಟೆ. "ದಿನಾ ಬರೆದಿದ್ದೀನಿ."

ಹೇಳಿದ ಮೇಲೆ ಈ ಡೈರಿಯಲ್ಲಿ ಇನ್ನೂ ಏನೇನಿದೆ ಎಂದು ನೆನಪಾಯಿತು.

ನವೆಂಬರ್ 30, ಭಾನುವಾರ

ಬೇಕಾದಷ್ಟನ್ನು ಮಾತ್ರ ಬೇರೆ ಹಾಳೆಗೆ ಬರೆದುಕೊಡೋಣ ಎಂದು ಕುಳಿತೆ. ಆರನೇ ತಾರೀಕು: ಎರಡು ಬೆಕ್ಕು, ಯಮನಪ್ಪ. ತಹಸೀಲ್ದಾರ ಬಿಟ್ಟೆ. ಅನ್ಯಾಯ ಬಿಟ್ಟೆ. ಹದಿಮೂರನೇ ತಾರೀಕಿಗೆ ಬಂದಾಗ "ನನ್ನ ಭಾರ ಕೊಟ್ಟರೆ" ಎಂಬುದನ್ನೂ ಬಿಟ್ಟು "ಕೈ ಅಡ್ಡ ಇಟ್ಟೆ" ಎಂದು ಬರೆದಿದ್ದೆ. ಬೇಕೆಂದು ಮಾಡಲಿಲ್ಲ, ಕೈಯೇ ಬರೆಯಿತು. ಹಾಳೆ ಹರಿದೆ.

ಒಂದನ್ನು ಬಿಡಲು ಶುರು ಮಾಡಿದರೆ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುವುದಿಲ್ಲ. ನಾಳೆ ಇದನ್ನೇ ಕೊಡುತ್ತೇನೆ. ರೇಷನ್ ಅಂಗಡಿಯ ಮಾತೂ ಹೋಗಲಿ ಜೊತೆಗೆ.

ಅಜ್ಜಿಗೆ ಹೇಳಿದೆ. "ಇಂಗೆಲ್ಲ ಮಾಡುದ್ರೆ ಯಾರಮ್ಮಿ ಕೆಲ್ಸದಲ್ಲಿ ಮಡೀಕತಾರೆ?" ಎಂದು ಹಣೆ ಚಚ್ಚಿಕೊಂಡಳು. ಸರಿಯಾಗಿಯೇ ಹೇಳಿದಳು.

ಡಿಸೆಂಬರ್ 2, ಮಂಗಳವಾರ

(ಎಕ್ಸ್‌ರೇ ಕವರಿನ ಹಿಂದೆ ಬರೆದದ್ದು. ಡೈರಿ ಬಂದ ಮೇಲೆ ಅಂಟಿಸಬೇಕು.)

ಡೈರಿ ನಿನ್ನೆಯಿಂದ ಮಹಡಿಯ ಮೇಲಿದೆ. ನಾನು ಕೆಳಗಿದ್ದೇನೆ. ಮೇಡಂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ಎಷ್ಟನೇ ಪುಟದಲ್ಲಿದ್ದಾರೋ ಎಂದು ಅವರ ಮುಖ ನೋಡಿದರೆ ಗೊತ್ತಾಗುವುದಿಲ್ಲ.

ಬೇರಿಂಗ್ 28. ಸಾರ್ಡೀನ್ ಅರ್ಧ ಡಬ್ಬಿ.

ಡಿಸೆಂಬರ್ 4, ಗುರುವಾರ

ಡೈರಿ ಮೇಜಿನ ಮೇಲಿತ್ತು. ಕೈಗೆ ಕೊಡಲಿಲ್ಲ.

ಮೇಡಂ ಪೆನ್ಸಿಲಿನಿಂದ ಹಿಡಿದವರ ಹೆಸರಿಗೆಲ್ಲ ಕೆಳಗೆರೆ ಎಳೆದಿದ್ದಾರೆ. ಹತ್ತು ಉಳಿಯುತ್ತವೆ, ಹನ್ನೊಂದು ಹೋಗುತ್ತವೆ. ಬೈಗುಳಗಳಿಗೆ ಏನೂ ಗುರುತು ಮಾಡಿಲ್ಲ. ಆರನೇ ತಾರೀಕಿನಲ್ಲಿ "ಬೈದದ್ದು ಅನ್ಯಾಯ" ಎಂದಿರುವ ಕಡೆ ಮಾತ್ರ ಅಂಚಿನಲ್ಲಿ ಸಣ್ಣದಾಗಿ "ಹೌದು" ಎಂದು ಬರೆದಿದ್ದಾರೆ.

ಮಧ್ಯಾಹ್ನ ನನ್ನನ್ನು ಕರೆದು, ಆ ಹನ್ನೊಂದರಲ್ಲಿ ಬೇರಿಂಗ್ ಬಿಟ್ಟು ಉಳಿದ ಹತ್ತರ ಮನೆಯವರಿಗೂ ಫೋನ್ ಮಾಡಿ ಮತ್ತೆ ಕರೆಸಬೇಕು ಎಂದರು. ಬಿಗಿಯಾಗಿ ಹಿಡಿ ಎಂದವರು ತಾವೇ, ಪ್ರೋಬ್ ಒತ್ತಬಾರದೆಂದು ಗೊತ್ತಿದ್ದವರೂ ತಾವೇ, ಆದರೂ ಟವೆಲ್ ಎತ್ತಿ ನೋಡಲಿಲ್ಲ ಎಂದರು. ನನಗೋ ಗೋಡೆಗೋ ಹೇಳುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ರಿಜಿಸ್ಟರ್ ನನ್ನ ಕಡೆ ತಳ್ಳಿ, ಒಂದು ಕಾಲಂ ಜಾಸ್ತಿ ಎಳಿ ಎಂದರು. ಸ್ಕೇಲ್ ಹುಡುಕಲು ಅರ್ಧ ಗಂಟೆ. ಈ ಆಸ್ಪತ್ರೆಯಲ್ಲಿ ಒಂದು ವಸ್ತು ಇಟ್ಟ ಕಡೆ ಇರುವುದಿಲ್ಲ. ಮೂವತ್ತು ಸಾಲಿಗೂ ಎಳೆದೆ. ಮೇಲೆ ಬರೆದೆ: ಹಿಡಿದವರು ಯಾರು. ಅದರ ಪಕ್ಕ ಇನ್ನೊಂದನ್ನು ಕೇಳದೆಯೇ ಎಳೆದೆ: ಹೊಟ್ಟೆಯ ಮೇಲೆ ಕೈ.

ಡಿಸೆಂಬರ್ 5, ಶುಕ್ರವಾರ

ಬೇರಿಂಗ್ ಮನೆಗೆ ಹೋಯಿತು. 26.

ನಲ್ಲಪ್ಪ ತಾತ ಹೊಸ ರಟ್ಟಿನ ಡಬ್ಬ ತಂದಿದ್ದ, ಒಳಗೆ ತನ್ನದೇ ಹಳೆಯ ಸ್ವೆಟರ್. ಜೊತೆಗೆ ನನಗೆ ಒಂದು ಚೀಲ ಸೀಬೆಕಾಯಿ. ಮೂರು ದಿನ ಊಟ ಬಿಟ್ಟು ಈ ಹುಡುಗಿ ಎಣಿಸ್ತಾ ಕೂತಿತ್ತು, ಇವಳ ಕೈಗುಣದಿಂದಲೇ ಉಳೀತು ಎಂದು ಕಾಯುತ್ತಿದ್ದವರಿಗೆಲ್ಲ ಹೇಳಿದ. ಒಂದು ದಿನ ಊಟ ಬಿಟ್ಟದ್ದು, ಮೂರು ದಿನ ಅಲ್ಲ. ಅದನ್ನು ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮೇಡಂ ಒಳಗಿನಿಂದ ನನ್ನನ್ನೇ ನೋಡುತ್ತಿದ್ದರು. ಡ್ರಿಪ್ ಜಾಸ್ತಿಯಾದ ವಿಷಯವನ್ನು ಅವರು ಆಗಲೇ ಅವನಿಗೆ ಹೇಳಿ ಕ್ಷಮೆ ಕೇಳಿದ್ದರು, ನನ್ನ ಹೆಸರು ಎತ್ತಿರಲಿಲ್ಲ.

"ತಾತ, ಡ್ರಿಪ್ ಜಾಸ್ತಿ ಆಗಿದ್ದು ನನ್ ಕೈಯಿಂದ," ಅಂದೆ. "ನಾನು ಹೊಟ್ಟೆ ಒತ್ತಿ ಹಿಡಿದಿದ್ದೆ. ಅದಕ್ಕೇ ಸ್ಕ್ಯಾನ್‌ನಲ್ಲಿ ರಕ್ತ ಖಾಲಿ ಆದ ಹಾಗೆ ಕಾಣ್ತು. ನೀವು ಶಟ್ಟರ್ ಎಳೆದಿದ್ದಕ್ಕೆ ಅದಕ್ಕೆ ಉಸಿರು ಕಟ್ಟಿದ್ದಲ್ಲ."

ಅವನು ನನ್ನ ಕೈಯನ್ನು ನೋಡಿದ, ಮುಖವನ್ನಲ್ಲ. ಬಾಗಿ ಡಬ್ಬ ಎತ್ತಿಕೊಂಡ.

"ಎಣಿಸ್ತಿದ್ದಾಗ ಗೊತ್ತಿತ್ತೇನಮ್ಮ?"

"ಇಲ್ಲ. ಆಮೇಲೆ ಗೊತ್ತಾಯ್ತು."

ಹೋಗಿಬಿಟ್ಟ. ಸೀಬೆಕಾಯಿ ಬಿಟ್ಟು ಹೋದನೋ, ಮರೆತು ಹೋದನೋ ಗೊತ್ತಿಲ್ಲ. ಇಪ್ಪತ್ತನೇ ತಾರೀಕು ಮತ್ತೆ ಅಳತೆಗೆ ತರಬೇಕು ಎಂದು ಮೇಡಂ ಚೀಟಿ ಕೊಟ್ಟಿದ್ದರು. ಚೀಟಿ ಮೇಜಿನ ಮೇಲೇ ಉಳಿಯಿತು.

ಡಿಸೆಂಬರ್ 9, ಮಂಗಳವಾರ

ಫೋನ್, ಫೋನ್, ಫೋನ್. ಏಕೆ ಮತ್ತೆ ತರಬೇಕು ಎಂದರೆ ನಾನು ತಪ್ಪಾಗಿ ಹಿಡಿದಿದ್ದೆ ಅನ್ನುತ್ತೇನೆ. ಒಬ್ಬರು, ಮೊದಲ ಸಲ ಬಂದು ಹೋದದ್ದಕ್ಕೇ ಬೆಕ್ಕು ಒಂದು ವಾರ ಮಂಚದ ಕೆಳಗಿತ್ತು ಎಂದು ಜಗಳ ತೆಗೆದರು. ಒಬ್ಬರು ನನ್ನ ಧೈರ್ಯ ಮೆಚ್ಚಿದರು, ಬೆಕ್ಕು ತರುವುದಿಲ್ಲ ಎಂದರು. ಮೇಡಂ ಒಳಗಿನಿಂದ ತಲೆ ಹೊರಹಾಕಿ, "ಅಳತೆ ಸರಿ ಬರ್ಲಿಲ್ಲ ಅಂದ್ರೆ ಸಾಕು ಮಾರಾಯ್ತಿ, ಎಲ್ಲರಿಗೂ ಇಡೀ ಕಥೆ ಯಾಕೆ?" ಎಂದರು. ಅಳತೆ ಸರಿ ಬರದಿರಲು ಅಳತೆಯ ತಪ್ಪೇನಿದೆ?

ಹತ್ತರಲ್ಲಿ ಏಳು ಮನೆಯವರು ಒಪ್ಪಿದರು. ಉಳಿದ ಮೂರಕ್ಕೆ ಬೇರೆ ಬೆಕ್ಕು ಹುಡುಕಬೇಕು. ಅಜ್ಜಿಯ ಪಕ್ಕದ ಮನೆಯಲ್ಲಿ ಎರಡಿವೆ, ಭಾನುವಾರ ಹೋಗಿ ಕೇಳುತ್ತೇನೆ.

ಇವತ್ತು ಒಂದು. ಹಿಡಿದದ್ದು ನಾನು, ಭುಜ ಮತ್ತು ತೊಡೆ. ಚಿತ್ರ ಆರು ಸಲ ಹಾಳಾಯಿತು, ಏಳನೆಯದು ಬಂತು. ಗೀರು: 1.

ಡಿಸೆಂಬರ್ 15, ಸೋಮವಾರ

ಯಮನಪ್ಪಣ್ಣ ಬಂದ, ಶೇಂಗಾ ಹೋಳಿಗೆಯ ಜೊತೆ. ಮೇಡಂ ಅವನ ಎದುರು ನಿಂತು, ಅವತ್ತು ಬೈದದ್ದು ತಪ್ಪು, ನೀವು ಹಿಡಿದದ್ದೇ ಸರಿ ಎಂದರು. ಅವನಿಗೆ ಯಾವತ್ತು ಎಂದೇ ನೆನಪಿಲ್ಲ. ಎಷ್ಟೋ ಸಲ ಬೈದಿದ್ದಾರಂತೆ.

ಇವತ್ತು ಮೂರು ಬೆಕ್ಕು. ಅವನು ಎರಡು, ನಾ‌ನು ಒಂದು. ಗೀರು: 0, 0. ನನ್ನ ಬೆಕ್ಕಿನ ಹತ್ತಿರ ನಾನು ಏನೋ ಗೊಣಗುತ್ತಿದ್ದೆನಂತೆ, ಅವನು ಹೇಳಿ ನಕ್ಕ. ಗೊಣಗಿಲ್ಲ.

ಔಷಧ ಕಂಪನಿಯವನು ಬರುವ ವರ್ಷದ ಡೈರಿ ತಂದಿದ್ದ. ಒಂದೇ ಕೊಡುತ್ತೇನೆ ಎಂದು ಹಟ ಹಿಡಿದ. ಜಗಳ ಮಾಡಿ ಎರಡು ತೆಗೆದುಕೊಂಡೆ.

ಡಿಸೆಂಬರ್ 20, ಶನಿವಾರ

ಹನ್ನೆರಡೂವರೆಯಾದರೂ ಬರಲಿಲ್ಲ. ಬರುವುದಿಲ್ಲ ಎಂದು ಬೇರಿಂಗ್‌ನ ಸಾಲಿಗೆ ಅಡ್ಡಗೆರೆ ಎಳೆಯಲು ಸ್ಕೇಲ್ ತೆಗೆದುಕೊಂಡಿದ್ದೆ. ಆಗ ಬಾಗಿಲಲ್ಲಿ ರಟ್ಟಿನ ಡಬ್ಬ ಕಂಡಿತು, ಅದರ ಹಿಂದೆ ನಲ್ಲಪ್ಪ ತಾತ. ಶೆಡ್ಡಿನಲ್ಲಿ ಲೋಡ್ ಇಳಿಸುವುದಿತ್ತಂತೆ. ಫೋನ್ ಮಾಡಿ ಹೇಳುವುದಿಲ್ಲ ಜನ.

ನಾನು ಟವೆಲ್ ತೆಗೆದುಕೊಂಡೆ. ಅವನು ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡ.

"ನೀನು ಬ್ಯಾಡಮ್ಮ."

ಯಮನಪ್ಪಣ್ಣ ಮುಂದೆ ಬಂದ. ಅವನೂ ಬೇಡವಂತೆ.

"ನಾನೇ ಇಡ್ಕತೀನಿ. ನೀನ್ ಹೇಳ್ಕೊಡು."

ಹೇಳಿಕೊಟ್ಟೆ. ಇಂಥ ವಿದ್ಯಾರ್ಥಿ ಯಾರಿಗೂ ಬೇಡ. ಕತ್ತು ಹಿಡಿಯಬೇಡಿ ತಾತ ಎಂದರೆ ಕತ್ತನ್ನೇ ಹಿಡಿಯುತ್ತಾನೆ. ಅಂಗೈ ಭುಜದ ಮೇಲೆ ಸುಮ್ಮನೆ ಇರಲಿ ಎಂದರೆ ತಟ್ಟಿ ಮಲಗಿಸುತ್ತಾನೆ. ಮೂರು ಸಲ ಅವನ ಮೊಣಕೈ ಜಾರಿ ಹೊಟ್ಟೆಯ ಮೇಲೆ ಬಂತು, ಮೂರು ಸಲವೂ ನಾನು ಎತ್ತಿ ಪಕ್ಕಕ್ಕಿಟ್ಟೆ. ನೀವು ಹಿಡಿಯಬೇಡಿ, ಅದರ ಪಕ್ಕದಲ್ಲಿರಿ ಸಾಕು ಎಂದು ಕೊನೆಗೆ ರೇಗಿಯೇ ಹೇಳಿದೆ. ಹಿಂದೆ ಯಮನಪ್ಪಣ್ಣ ಕೆಮ್ಮಿದ.

ಬೇರಿಂಗ್ ಒಂದು ಸಲ ಅವನ ಹೆಬ್ಬೆರಳಿಗೆ ಗೀರಿ, ಆಮೇಲೆ ಅದೇ ಬೆರಳಿನ ಮೇಲೆ ಗಲ್ಲ ಇಟ್ಟು ಮಲಗಿತು. ಮೇಡಂ ಪ್ರೋಬ್ ಇಟ್ಟರು. ಎರಡು ನಾಳ, ಅಕ್ಕಪಕ್ಕ, ಎರಡೂ ಗುಂಡಗೆ. ಉಸಿರಿಗೆ ತಕ್ಕ ಹಾಗೆ ಒಂದು ಸ್ವಲ್ಪ ಸಣ್ಣದಾಗಿ, ಮತ್ತೆ ತುಂಬಿಕೊಳ್ಳುತ್ತಿತ್ತು. ಯಾವುದು ಎಂದು ತಾತ ಕೇಳಿದ. ಪರದೆಗೆ ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದ.

"ತುಂಬೈತೆ," ಅಂದ. ನನ್ನನ್ನು ಕೇಳಿದ್ದಲ್ಲ. ಆದರೂ ಹೌದು ಅಂದೆ.

ಹೋಗುವಾಗ ಚೀಲವೊಂದನ್ನು ಮೇಜಿನ ಮೇಲಿಟ್ಟ. ಸೀಬೆಕಾಯಿ. ಹೋದ ಸಲದ ಹಾಗೆ ಮರೆತದ್ದೇ ಎಂದು ಕೇಳಿದೆ. ಉತ್ತರ ಕೊಡದೆ ಮೆಟ್ಟಿಲಿಳಿದ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಒಬ್ಬ ಮನುಷ್ಯನೂ ಈ ಊರಿನಲ್ಲಿ ಸಿಗುವುದಿಲ್ಲ.

ಗೀರು: ನಲ್ಲಪ್ಪ 1, ನಾನು 0.

ರಿಜಿಸ್ಟರಿನಲ್ಲಿ ಬರೆದದ್ದು: ಬೇರಿಂಗ್, ಗಂಡು, ನಾಲ್ಕು ವರ್ಷ. ಹಿಡಿದವರು ಯಾರು: ನಲ್ಲಪ್ಪ. ಹೊಟ್ಟೆಯ ಮೇಲೆ ಕೈ: ಮೂರು ಸಲ ಬಂತು, ಮೂರು ಸಲವೂ ತೆಗೆಸಲಾಯಿತು, ಅಳತೆಯ ಹೊತ್ತಿಗೆ ಇಲ್ಲ.